ಅತ್ತೆ ಒರೆಸಿ ಕೊಟ್ಟ ಪ್ಲೇಟುಗಳು

ಕೊನೆಗೂ ನಮ್ಮ ಕ್ಯಾಟಲಾಗ್ ಮುಗಿಯಿತು. ಹಳೆಯ ಅಮೆರಿಕನ್ ರೇಡಿಯೋ ಹಾಸ್ಯ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿದ ದೊಡ್ಡ ಪ್ಲೇಟುಗಳು ಪೆಟ್ಟಿಗೆಗಟ್ಟಲೆ ನಮ್ಮ ಕೈಗೆ ಬಂದಿದ್ದವು, ಅವುಗಳ ಪಟ್ಟಿ ಅದು. ಆ ಪೆಟ್ಟಿಗೆಗಳು ಯಾರ ಮನೆಯಿಂದ ಬಂದವು, ಒಳಗೆ ಯಾವ ಯಾವ ಹಾಸ್ಯ ಕಾರ್ಯಕ್ರಮ ಇದ್ದವು, ಕಳೆದೇ ಹೋಯಿತು ಅಂದುಕೊಂಡಿದ್ದರಲ್ಲಿ ಏನು ಸಿಕ್ಕಿತು ಎಂಬುದೆಲ್ಲ ಇದನ್ನು ಓದುವ ಬಹಳ ಜನಕ್ಕೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

ಈ ಪ್ಲೇಟುಗಳನ್ನು ನುಡಿಸುವ ದೊಡ್ಡ ಟರ್ನ್‌ಟೇಬಲ್ ಕೊಟ್ಟ ಗೆಳೆಯರಿಗೆ, ಹಳೆಯ ಪತ್ರಿಕೆಗಳ ರೇಡಿಯೋ ಪುಟ ಹುಡುಕಿ ಕಳಿಸಿದವರಿಗೆ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ಹಳೆಯ ದಾಖಲೆಗಳ ಓದುವ ಕೋಣೆಯಲ್ಲಿ ಫೈಲು ಮೇಲೆ ಫೈಲು ತಂದುಕೊಟ್ಟವರಿಗೆ, ಭಾನುವಾರಗಳನ್ನೆಲ್ಲ ಈ ಕೆಲಸಕ್ಕೆ ಬಿಟ್ಟುಕೊಟ್ಟ ನನ್ನ ಮನೆಯವರಿಗೆ ತುಂಬಾ ಥ್ಯಾಂಕ್ಸ್.

ಆ ರೇಡಿಯೋ ಪುಟಗಳು ಇಲ್ಲದಿದ್ದರೆ ಅರ್ಧ ಪ್ಲೇಟುಗಳಿಗೆ ದಿನಾಂಕವೇ ಸಿಗುತ್ತಿರಲಿಲ್ಲ. ಅಮೆರಿಕದ ಸೇನೆ 1942ರಲ್ಲಿ ತನ್ನದೇ ರೇಡಿಯೋ ವಿಭಾಗ ಶುರು ಮಾಡಿತು. ಹಾಸ್ಯಗಾರ ಜ್ಯಾಕ್ ಬೆನ್ನಿಯಂಥವರ ಕಾರ್ಯಕ್ರಮಗಳಿಂದ ಜಾಹೀರಾತು ತೆಗೆದು, ತನ್ನ ನಂಬರ್ ಹಾಕಿ, ದೂರದ ಸೈನಿಕರಿಗೆ ಪ್ಲೇಟು ಮಾಡಿ ಕಳಿಸುತ್ತಿತ್ತು. ಎಷ್ಟೋ ಕಂತುಗಳು ಇವತ್ತು ಉಳಿದಿರುವುದು ಹಾಗೆ. ಆದರೆ ಜಾಹೀರಾತು ಹೋದರೆ ಕಂತು ಯಾವ ದಿನದ್ದು ಎಂಬುದರ ದೊಡ್ಡ ಸುಳಿವೇ ಹೋದಂತೆ. ಆಮೇಲೆ ಮಾತಿನ ನಡುವೆ ಬರುವ ಒಂದು ಸಿನಿಮಾ ಹೆಸರು, ಒಂದು ಚುನಾವಣೆ, ಹಬ್ಬಕ್ಕೆ ಇನ್ನೆಷ್ಟು ದಿನ ಎಂಬ ತಮಾಷೆ, ಇಂಥದ್ದನ್ನೇ ಹಿಡಿದು ಹುಡುಕಬೇಕು. ಸಂಗ್ರಾಹಕರು ತಮಗೆ ತೋಚಿದ ಹೆಸರು ಇಟ್ಟುಕೊಂಡಿರುವುದರಿಂದ ಒಂದೇ ಕಂತು ಮೂರು ಹೆಸರಲ್ಲಿ ಓಡಾಡುತ್ತಿರುತ್ತದೆ. ಅದನ್ನು ಬಿಡಿಸಿದ್ದರಲ್ಲಿ ನಿಮ್ಮೆಲ್ಲರ ಪಾಲು ದೊಡ್ಡದು.

ಈಗ ನಮ್ಮ ಅತ್ತೆಯ ವಿಷಯ. ಹೆಸರು ಬರೀಬೇಡ ಅಂದಿದ್ದಾರೆ, ಬರೆಯಲ್ಲ.

ಸಾಗರದಿಂದ ಆರು ತಿಂಗಳು ಇರೋಕೆ ಅಂತ ಅಮೆರಿಕದ ಇಲಿನಾಯ್‌ನ ನಮ್ಮ ಮನೆಗೆ ಬಂದಿದ್ದರು. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂರುತ್ತಿದ್ದರು. ಆಗ ನಾನು 'ವಿಕ್ ಅಂಡ್ ಸೇಡ್' ಕಂತುಗಳನ್ನು ಸ್ಕ್ರಿಪ್ಟ್ ಜೊತೆ ಹೋಲಿಸುತ್ತಿದ್ದೆ. 1932ರಲ್ಲಿ ಷಿಕಾಗೋದಿಂದ ಶುರುವಾದ, ದಿನಕ್ಕೆ ಕಾಲು ಗಂಟೆಯ ಕಾರ್ಯಕ್ರಮ ಅದು. ಪಾಲ್ ರೈಮರ್ ಒಬ್ಬರೇ 3,500ಕ್ಕೂ ಜಾಸ್ತಿ ಕಂತು ಬರೆದರು. ರೆಕಾರ್ಡಿಂಗ್‌ಗಳನ್ನು ಯಾರೂ ಜೋಪಾನ ಮಾಡಲಿಲ್ಲ, ಬಹುಪಾಲು ನಾಶ ಮಾಡಿಬಿಟ್ಟರು. ಈಗ ಕೇಳಲು ಸಿಗುವುದು ಹತ್ತರಲ್ಲಿ ಒಂದರಷ್ಟು. ಉಳಿದವನ್ನು ವಿಸ್ಕಾನ್ಸಿನ್‌ನ ಸಂಗ್ರಹದಲ್ಲಿರುವ ಸ್ಕ್ರಿಪ್ಟ್‌ಗಳಲ್ಲಿ ಓದಿಕೊಳ್ಳಬೇಕು, ಅಷ್ಟೇ.

ಅದರಲ್ಲಿ ಕಥೆ ಅಂತ ದೊಡ್ಡದೇನೂ ಇರಲ್ಲ. ಗಂಡ ವಿಕ್, ಹೆಂಡತಿ ಸೇಡ್, ಮಗ, ಆಮೇಲೆ ಫ್ಲೆಚರ್ ಅನ್ನುವ ಮಾವ. ಸೇಡ್‌ಗೆ ಅಂಗಡಿಯಲ್ಲಿ ಒರೆಸುವ ಬಟ್ಟೆ ಸೇಲ್ ಇದೆ ಅಂದರೆ ಸಾಕು, ಸಂಭ್ರಮ. ಫ್ಲೆಚರ್ ಮಾವ ಯಾರು ಯಾರದೋ ಕಥೆ ಎತ್ತುತ್ತಾನೆ. ಅವನು ಅಲ್ಲಿ ಹೋದ, ಇವಳನ್ನು ಮದುವೆಯಾದ, ಆಮೇಲೆ ಸತ್ತ. ಮುಗೀತು ಕಥೆ. ಅತ್ತೆಗೆ ಇಂಗ್ಲಿಷ್ ಓದಲು ಬರುತ್ತದೆ, ಆ ಕಾಲದ ಮಾತಿನ ಓಟ ಹಿಡಿಯುವುದು ಕಷ್ಟ. ನಾನು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದೆ. ಎರಡನೇ ವಾರದಿಂದ ನಾನು ಹೇಳುವ ಮೊದಲೇ ನಗತೊಡಗಿದರು. "ನಮ್ಮ ಸೋದರಮಾವ ಥೇಟ್ ಹೀಗೇ ಕಣೇ, ಕೂತಲ್ಲಿ ಹತ್ತು ಜನರನ್ನ ಸಾಯಿಸ್ತಿದ್ದ" ಎಂದರು. ಇದೆಲ್ಲ ಯಾಕೆ ಮಾಡ್ತೀಯ, ಇದರಿಂದ ಏನು ಬರುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ಬೇರೆ ಎಷ್ಟೋ ಜನ ಕೇಳಿದ್ದಾರೆ.

ಒಂದು ಮಳೆಯ ರಾತ್ರಿ ಮನೆಯಲ್ಲಿ ನಾವಿಬ್ಬರೇ. ಕರೆಂಟ್ ಹೋಯಿತು, ನೆಲಮಾಳಿಗೆಯ ನೀರೆತ್ತುವ ಪಂಪ್ ನಿಂತಿತು. ಪೆಟ್ಟಿಗೆಗಳನ್ನು ನೆಲದಿಂದ ಎತ್ತರದಲ್ಲೇ ಇಟ್ಟಿದ್ದೆವು. ನೀರು ಅಷ್ಟು ಮೇಲಕ್ಕೆ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಒಂದೊಂದು ಪ್ಲೇಟು 16 ಇಂಚು ಅಗಲ. ಅಲ್ಯೂಮಿನಿಯಂ ಹಾಳೆಯ ಮೇಲೆ ಧ್ವನಿ ಕೊರೆದ ಕಪ್ಪು ಲ್ಯಾಕರ್ (ಮೆರುಗೆಣ್ಣೆ) ಪದರ. ಯುದ್ಧದ ವರ್ಷಗಳಲ್ಲಿ ಅಲ್ಯೂಮಿನಿಯಂ ವಿಮಾನಗಳಿಗೆ ಹೋಯಿತು, ಹಾಗಾಗಿ ಆ ಕಾಲದ ಎಷ್ಟೋ ಪ್ಲೇಟುಗಳ ಒಳಗೆ ಇರುವುದು ಗಾಜು. ಒದ್ದೆ ಕಾಗದದ ಕವರ್ ಸಮೇತ ಅವನ್ನು ಕತ್ತಲಲ್ಲಿ ಮೆಟ್ಟಿಲು ಹತ್ತಿಸಿ ತರುವಾಗ ನನ್ನ ಕೈ ನಡುಗುತ್ತಿತ್ತು. ಅತ್ತೆ ಟಾರ್ಚ್ ಹಿಡಿದು ಮುಂದೆ ನಡೆದರು. ಮೇಲೆ ಬಂದ ಮೇಲೆ ತಮ್ಮ ಸೂಟ್‌ಕೇಸ್ ತೆಗೆದು ಎರಡು ಹಳೆಯ ಕಾಟನ್ ಸೀರೆ ಹೊರಗೆ ಹಾಕಿದರು. ತೊಳೆದು ತೊಳೆದು ಮೆತ್ತಗಾದ ಸೀರೆ, ಎಳೆ ಬಿಡಲ್ಲ. ಅದನ್ನು ಅವರೇ ಹರಿದು ತುಂಡು ಮಾಡಿದರು.

ಕವರ್ ಬಿಡಿಸುವುದು, ಶುದ್ಧ ನೀರಲ್ಲಿ ಅದ್ದುವುದು, ಒತ್ತದೆ ಒರೆಸುವುದು, ನಿಲ್ಲಿಸಿ ಒಣಗಿಸುವುದು. ಅಂಚು ಮತ್ತು ನಡುವಿನ ಲೇಬಲ್ ಬಿಟ್ಟು ಬೇರೆಲ್ಲೂ ಬೆರಳು ತಾಗಬಾರದು. ಒಂದು ಸಲ ತೋರಿಸಿದ್ದಷ್ಟೇ. ಕೆಲವದರ ಮೇಲೆ ಬಿಳಿ ಪುಡಿ ಇತ್ತು. "ಬೂಷ್ಟು ಹಿಡಿದಿದೆಯಲ್ಲೇ" ಎಂದರು. ಬೂಷ್ಟಲ್ಲ ಅತ್ತೆ, ಲ್ಯಾಕರ್ ಮೆತ್ತಗಿರಲಿ ಅಂತ ಹರಳೆಣ್ಣೆ ಸೇರಿಸುತ್ತಿದ್ದರು, ಹಳೆಯದಾದ ಮೇಲೆ ಅದು ಕೆಟ್ಟು ಹೀಗೆ ಹೊರಗೆ ಬರುತ್ತದೆ ಎಂದೆ. ಹರಳೆಣ್ಣೆ ಅಂದಿದ್ದೇ ಅವರ ಮುಖ ಅರಳಿತು. ಆ ಗಡಿಬಿಡಿಯಲ್ಲೂ ಒಂದು ಪ್ಲೇಟನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

ನಡುರಾತ್ರಿ ದಾಟಿದ ಮೇಲೆ ಒಂದು ಪ್ಲೇಟು ಕೈಗೆ ಬಂತು. ಮೊದಲೇ ಬಿರುಕು ಬಿಟ್ಟಿದ್ದದ್ದು. ನೀರು ಪದರದ ಕೆಳಗೆ ಇಳಿದಿತ್ತು. ಕವರ್ ಬಿಡಿಸುತ್ತಿದ್ದಂತೆ ಕಪ್ಪು ಪದರ ಸುಟ್ಟ ಬದನೆಕಾಯಿ ಸಿಪ್ಪೆಯ ಹಾಗೆ ಕಾಗದದ ಜೊತೆಗೇ ಎದ್ದು ಬಂತು. ಕೆಳಗೆ ಬರಿಯ ಲೋಹ. ಇನ್ನೂ ಕಂಪ್ಯೂಟರ್‌ಗೆ ಏರಿಸಿರದ ಪ್ಲೇಟು ಅದು. ಕಾಲು ಗಂಟೆಯ ಮಾತು, ನಗು. ಬೇರೆ ಪ್ರತಿ ಎಲ್ಲೂ ಸಿಕ್ಕಿಲ್ಲ. ಇನ್ನು ಭೂಮಿಯ ಮೇಲೆ ಯಾರಿಗೂ ಅದು ಕೇಳಿಸಲ್ಲ. ನಾನು ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಇಷ್ಟು ವರ್ಷ ಯಾರದೋ ಮನೆಯಲ್ಲಿ ಬದುಕಿದ್ದು ನಮ್ಮ ಮನೆಗೆ ಬಂದು ಸತ್ತಿತಲ್ಲ ಎಂದು ಎದೆ ಒಡೆದುಹೋಗಿತ್ತು. ಎಲ್ಲ ಬಿಟ್ಟುಬಿಡಬೇಕು ಅನ್ನಿಸಿತು.

ಅವರು ಸಮಾಧಾನ ಹೇಳಲಿಲ್ಲ. ಆ ಪ್ಲೇಟನ್ನು ನನ್ನ ಕೈಯಿಂದ ತೆಗೆದು ಟೇಬಲ್ ಮೇಲೆ ಹುಷಾರಾಗಿ ಇಟ್ಟರು. "ಅಳೋದಿದ್ರೆ ಬೆಳಗಾದ ಮೇಲೆ ಅಳು ಮಾರಾಯ್ತಿ, ನಾನೂ ಕೂತ್ಕೊಳ್ತೀನಿ. ಈಗ ಮುಂದಿನ ಪ್ಲೇಟು ಕೊಡು" ಎಂದರು. ಕೊಟ್ಟೆ. ಬೆಳಕು ಹರಿಯುವವರೆಗೂ ಕೊಡುತ್ತಲೇ ಇದ್ದೆ. ಎಪ್ಪತ್ತು ದಾಟಿದ, ಮಂಡಿ ನೋವಿರುವ ಹೆಂಗಸು ರಾತ್ರಿಯಿಡೀ ಚಾಪೆಯ ಮೇಲೆ ಕೂತು ಒರೆಸಿದರು. ಅದೊಂದು ಬಿಟ್ಟರೆ ಉಳಿದ ಎಲ್ಲವೂ ಉಳಿದವು. ಬೆಳಿಗ್ಗೆ ಕಾಫಿ ಮಾಡಿಕೊಂಡು ಬಂದು, ಹೇಳಿದ ಹಾಗೆಯೇ ನನ್ನ ಪಕ್ಕ ಕೂತರು.

ಅಂದು ಬದುಕಿದ ಪ್ಲೇಟುಗಳನ್ನು ಈಗ ಪೂರ್ತಿ ಕಂಪ್ಯೂಟರ್‌ಗೆ ಏರಿಸಿದ್ದೇವೆ. ಸುಲಿದುಹೋದ ಆ ಪ್ಲೇಟಿನ ಲೇಬಲ್ ಮೇಲಿದ್ದ ಅಕ್ಷರಗಳನ್ನು ಬಿಡದೆ ಬರೆದು, ಅದಕ್ಕೂ ಕ್ಯಾಟಲಾಗಿನಲ್ಲಿ ಒಂದು ನಂಬರ್ ಕೊಟ್ಟಿದ್ದೇವೆ. ಎಲ್ಲಾದರೂ ಇನ್ನೊಂದು ಪ್ರತಿ ಸಿಕ್ಕರೆ ಗುರುತು ಹಿಡಿಯಬೇಕಲ್ವಾ? ನಿಮ್ಮ ಅಕ್ಕಪಕ್ಕದ ಮನೆಯ ಅಟ್ಟದಲ್ಲಿ ಇಂಥ ದೊಡ್ಡ ಪ್ಲೇಟು ಕಂಡರೆ ದಯವಿಟ್ಟು ಮಾಮೂಲಿ ರೆಕಾರ್ಡ್ ಪ್ಲೇಯರ್ ಮೇಲೆ ಹಾಕಬೇಡಿ, ನೆಟ್ಟಗೆ ನಿಲ್ಲಿಸಿ ಇಟ್ಟು ನನಗೆ ಒಂದು ಮಾತು ತಿಳಿಸಿ.

ಅತ್ತೆ, ನೀವು ಬೇಡ ಅಂದರೂ ಕ್ಯಾಟಲಾಗಿನ ಮೊದಲ ಪುಟದಲ್ಲಿ ನಿಮ್ಮ ಹೆಸರು ಇದೆ. ಈ ಒಂದು ವಿಷಯದಲ್ಲಿ ನಿಮ್ಮ ಮಾತು ಕೇಳಲಿಲ್ಲ. ಫ್ಲೆಚರ್ ಮಾವನ ಕಂತುಗಳನ್ನು ನಿಮ್ಮ ಫೋನಿಗೆ ಕಳಿಸಿದ್ದೇನೆ.