ಮಗಳಿಗೊಂದು ಪತ್ರ: ಹೆನ್‌ಬರಿಯ ಸಮಾಧಿ ಕಲ್ಲು

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹೆನ್‌ಬರಿಯಲ್ಲಿರುವ ಆ ಆಫ್ರಿಕನ್ ಹುಡುಗನ ಸಮಾಧಿಯ ಫೋಟೊ ಸಿಕ್ಕಿತು. ಸಮಾಧಿ ಕಲ್ಲಿಗೂ ಬಣ್ಣ ಬಳಿಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಮೇಲೆ ಕಪ್ಪು ಮುಖದ ಪುಟ್ಟ ದೇವದೂತರು ಬೇರೆ. ಮನೆಯ ಆಳಿಗೆ ಇಷ್ಟು ಚೆಂದದ ಕಲ್ಲು ನಿಲ್ಲಿಸಿದ್ದಾರೆ, ಎಷ್ಟು ಪ್ರೀತಿ ಇತ್ತೋ ಅಂತ ಬರೆದಿದ್ದೀಯ. ಇದ್ದಿರಬಹುದು. ನನಗೆ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲು ಆಗಲಿಲ್ಲ.

ಹುಡುಗ ಸತ್ತಿದ್ದು 1720ರ ಡಿಸೆಂಬರ್ 21ರಂದು. ಬರೀ 18 ವರ್ಷ. ಸಫೋಕ್‌ನ ಅರ್ಲ್ ಅನ್ನುವ ಇಂಗ್ಲಿಷ್ ಸಿರಿವಂತ ಒಡೆಯನ ಮನೆಯಲ್ಲಿ ಕೆಲಸಕ್ಕಿದ್ದ. ಕಲ್ಲಿನ ಮೇಲಿರುವ ಹೆಸರು ಸಿಪಿಯೊ ಆಫ್ರಿಕಾನಸ್. ಅದು ಆಫ್ರಿಕಾದಲ್ಲಿ ಯುದ್ಧ ಗೆದ್ದ ರೋಮನ್ ಸೇನಾಪತಿಯ ಹೆಸರು! ಇಟ್ಟವರಿಗೆ ತಮಾಷೆ ಅನಿಸಿತ್ತೋ ಏನೋ. ಹೆತ್ತವಳು ಏನೆಂದು ಕರೆದಿದ್ದಳೋ, ಅದು ಎಲ್ಲೂ ಉಳಿದಿಲ್ಲ.

ಸಮಾಧಿಯ ಕಾಲಿನ ಕಡೆ ಇರುವ ಕಲ್ಲಿನ ಪದ್ಯ ಓದಿದೆಯಾ? ಗುಲಾಮನಾಗಿ ಹುಟ್ಟಿದ ನಾನು ಈಗ ಕ್ರೈಸ್ತನಾಗಿ ಸುಖವಾಗಿ ಮಲಗಿದ್ದೇನೆ ಅನ್ನುತ್ತದೆ. ನನ್ನ ಬಣ್ಣ ಕಪ್ಪಾದರೇನು, ದೇವರು ಅದನ್ನು ಬೆಳಕು ಮಾಡುತ್ತಾನೆ ಅಂತಲೂ ಇದೆ. ಒಡೆಯನ ಕರುಣೆಯನ್ನು ಹೊಗಳುವುದನ್ನೂ ಮರೆತಿಲ್ಲ. ಮಾತಾಡುತ್ತಿರುವುದು ಆ ಹುಡುಗ ಅಲ್ಲ ಪುಟ್ಟಿ. ಸತ್ತ ಮೇಲೂ ಅವನ ಬಾಯಲ್ಲಿ ಉಪಕಾರ ಸ್ಮರಣೆ ಮಾಡಿಸಿದ್ದಾರೆ.

ನಮ್ಮ ಯಲ್ಲಾಪುರದ ಆಫ್ರಿಕಾ ಮೂಲದ ಸಿದ್ದಿಗಳ ಹಿರಿಯರಲ್ಲೂ ಎಷ್ಟೋ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಹೀಗೇ ಗುಲಾಮರಾಗಿ ತಂದಿದ್ದು. ಅವರಿಗೆ ಇಂಥ ಕಲ್ಲೂ ಇಲ್ಲ. ಅದಕ್ಕೇ ಪದ್ಯ ಸುಳ್ಳಾಡಿದರೂ ಈ ಕಲ್ಲು ಉಳಿಯಬೇಕು ಅನ್ನುತ್ತೇನೆ. ಇಂಗ್ಲೆಂಡಿನವರು ಇದಕ್ಕೆ ಗ್ರೇಡ್ ಟೂ ಸ್ಟಾರ್ ರಕ್ಷಣೆ ಕೊಟ್ಟಿದ್ದಾರೆ. ಅಲ್ಲಿನ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿರುವ ಕಟ್ಟಡ, ಕಲ್ಲುಗಳಲ್ಲಿ ನೂರಕ್ಕೆ ಆರರಷ್ಟಕ್ಕೆ ಮಾತ್ರ ಸಿಗುವ ದರ್ಜೆ ಅದು.

ಆದರೂ 2020ರ ಜೂನ್‌ನಲ್ಲಿ ಯಾರೋ ಒಡೆದು ಹಾಕಿದರು. ಅದಕ್ಕೆ ಸ್ವಲ್ಪ ದಿನ ಮೊದಲು ಬ್ರಿಸ್ಟಲ್ ಜನ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ವಿಗ್ರಹವನ್ನು ಬಂದರಿನ ನೀರಿಗೆ ಉರುಳಿಸಿದ್ದರಲ್ವಾ, ಅದನ್ನು ವಾಪಸ್ ನಿಲ್ಲಿಸಿ ಅಂತ ಸಮಾಧಿ ಹತ್ತಿರ ಸೀಮೆಸುಣ್ಣದಲ್ಲಿ ಗೀಚಿ ಹೋಗಿದ್ದರು. ಕಂಚಿನ ಬೊಂಬೆಯ ಸೇಡನ್ನು 300 ವರ್ಷದ ಹಿಂದೆ ಸತ್ತ ಹುಡುಗನ ಮೇಲೆ ತೀರಿಸಿಕೊಳ್ಳುವುದಾ! ರಿಪೇರಿಗೆ ಜನರೇ ದುಡ್ಡು ಹಾಕಿದರು.

ಕೋಲ್‌ಸ್ಟನ್ ಸತ್ತಿದ್ದು 1721ರಲ್ಲಿ, ಹುಡುಗ ತೀರಿಕೊಂಡ ಮರುವರ್ಷ. ಅವನ ವಿಗ್ರಹವನ್ನು ನೀರಿಂದ ಎತ್ತಿ, ಎರಚಿದ ಬಣ್ಣದ ಸಮೇತ ಬ್ರಿಸ್ಟಲ್‌ನ ಎಂ ಶೆಡ್ ಮ್ಯೂಸಿಯಂನಲ್ಲಿ ಅಡ್ಡ ಮಲಗಿಸಿದ್ದಾರಂತೆ. ಭಾನುವಾರ ಬಿಡುವಿದ್ದರೆ ಅದನ್ನೂ ನೋಡಿಕೊಂಡು ಬಾ.

ನಿನ್ನ,
ಅಮ್ಮ