ಮೈಸೂರು ರೈಲಿನ ಆ ಅಕ್ಕನಿಗೆ

ಹೆಸರು ಕೇಳೋದನ್ನೇ ಮರೆತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೋದ ಭಾನುವಾರ ಬೆಂಗಳೂರಿಗೆ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದಿರಿ. ನಾನು ಲ್ಯಾಪ್‌ಟಾಪ್ ತೆರೆದು ಗೊಣಗುತ್ತಿದ್ದೆ.

ನಮ್ಮ ಅಪಾರ್ಟ್‌ಮೆಂಟಿನ 24 ಮನೆಗಳ ನೀರಿನ ಲೆಕ್ಕ ಅದು. ತಿಂಗಳಿಗೆ 15,000 ಲೀಟರ್ ದಾಟಿದ ಮನೆಯ ಕಂಬ ಚಾರ್ಟಿನಲ್ಲಿ ಕೆಂಪಾಗಬೇಕಿತ್ತು. ಎಕ್ಸೆಲ್‌ನಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್ (ಅಂಕಿ ನೋಡಿ ಸೆಲ್ಲಿಗೆ ತಾನೇ ಬಣ್ಣ ಹಾಕುವ ಸೌಲಭ್ಯ) ಹಾಕಿದ್ದೆ. ಸೆಲ್‌ಗಳು ಕೆಂಪಾದವು, ಚಾರ್ಟ್ ಮಾತ್ರ ನೀಲಿಯಾಗೇ ಇತ್ತು. ಪ್ರತಿ ತಿಂಗಳೂ ಒಂದೊಂದೇ ಕಂಬಕ್ಕೆ ಕೈಯಾರೆ ಬಣ್ಣ ಬಳಿಯುತ್ತಿದ್ದೆ ಅಂದರೆ ನೀವು ನಕ್ಕಿರಿ. ನಗಲೇಬೇಕು ಬಿಡಿ.

"ಸೆಲ್ಲಿನ ಬಣ್ಣ ಚಾರ್ಟಿಗೆ ಹೋಗಲ್ಲಪ್ಪ, ಅಂಕಿನೇ ಎರಡು ಕಾಲಂ ಮಾಡು" ಅಂದಿರಿ. ಇಫ್ ಸೂತ್ರ (ಹೀಗಿದ್ದರೆ ಹೀಗೆ ಮಾಡು ಅನ್ನೋದು) ಹಾಕಿ, ಮಿತಿಯೊಳಗಿನ ಅಂಕಿ ಒಂದರಲ್ಲಿ, ದಾಟಿದ್ದು ಇನ್ನೊಂದರಲ್ಲಿ. ಚಾರ್ಟಿಗೆ ಆ ಎರಡು ಕಾಲಮ್ಮೂ ಎರಡು ಸೀರೀಸ್, ಅಂದರೆ ಕಂಬಗಳ ಎರಡು ಗುಂಪು, ಒಂದು ನೀಲಿ, ಒಂದು ಕೆಂಪು. ಆದರೆ ಕಂಬಗಳು ಸಣಕಲಾಗಿ, ಪಕ್ಕಕ್ಕೆ ಸರಿದು ನಿಂತವು. ಖಾಲಿ ಸೀರೀಸೂ ಜಾಗ ಹಿಡಿಯುತ್ತೆ ಅಂತ ಹೇಳಿ, ಎರಡು ಗುಂಪಿನ ಕಂಬಗಳು ಒಂದನ್ನೊಂದು ಎಷ್ಟು ಆವರಿಸಬೇಕು ಅಂತ ಹೇಳುವ ಸೀರೀಸ್ ಓವರ್‌ಲ್ಯಾಪನ್ನು ಶೇ. 100ಕ್ಕೆ ಎಳೆದಿರಿ. ತಟ್ಟನೆ ಎಲ್ಲಾ ನೆಟ್ಟಗಾಯಿತು! ಮಿತಿಯನ್ನು ಸೂತ್ರದೊಳಗೆ ಬರೆಯದೆ ಬೇರೆ ಸೆಲ್ಲಿನಲ್ಲಿಡಿಸಿದ್ದೂ ನೀವೇ. ಬೇಸಿಗೆಯಲ್ಲಿ ಅದನ್ನು 12,000 ಮಾಡಿದರೆ ಸಾಕು, ಬಣ್ಣ ತಾನೇ ಬದಲಾಗುತ್ತೆ.

ಕೆಂಗೇರಿಯಲ್ಲಿ ಇಳಿದು ಹೋದಿರಿ. ತುಂಬಾ ಥ್ಯಾಂಕ್ಸ್ ಅಕ್ಕ. ಅಂದ ಹಾಗೆ, ಈ ತಿಂಗಳ ಮೊದಲ ಕೆಂಪು ಕಂಬ ನಮ್ಮ ಮನೆಯದೇ.