ಒಂದೇ ಸಲದ ರೇಡಿಯೇಷನ್ ಸಾಕಾ, ಕೇಳಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವಿಗೆ 8 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಡೋಸ್‌ನ ಒಂದೇ ಸಲದ ರೇಡಿಯೇಷನ್, 10 ಸಲ ಕೊಟ್ಟಷ್ಟೇ ಆರಾಮ ಕೊಡುತ್ತದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮುಂದೆ ಮತ್ತೊಮ್ಮೆ ಬೇಕಾಗುವ ಸಂಭವ ಮಾತ್ರ ಜಾಸ್ತಿ. ಆದರೂ ಡೊಂಬಿವಲಿ, ವಿರಾರ್ ಕಡೆಯ ನಮ್ಮವರು ಕೂರಲೂ ಆಗದ ಹಿರಿಯರನ್ನು ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ದಿನಾ ಮುಂಬಯಿಗೆ ಓಡಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ‘ಒಂದೇ ಸಲ ಸಾಕಾಗುತ್ತಾ ಡಾಕ್ಟ್ರೇ?’ ಎಂದು ಕೇಳುವುದು ತಪ್ಪಲ್ಲ ಅಲ್ವಾ? ಆದರೆ ಕ್ಯಾನ್ಸರ್ ಬೆನ್ನುಹುರಿಯನ್ನು ಒತ್ತಿ ಕಾಲಿನ ಬಲ ಹೋಗುತ್ತಿದ್ದರೆ ತಡಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವು ಇಳಿಯಲು ಕೆಲವು ವಾರ ಬೇಕಾಗುವುದರಿಂದ, ಕೊನೆಯ ದಿನಗಳಲ್ಲಿದ್ದವರಿಗೆ ರೇಡಿಯೇಷನ್ ಬಹಳ ಸಲ ಸುಮ್ನೆ ಆಯಾಸ. ಅವರಿಗೆ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಸಿಗಬೇಕು. ಇಲ್ಲಿನ ಕನ್ನಡ ಸಂಘಗಳು ಆರೋಗ್ಯ ಶಿಬಿರಗಳಲ್ಲಿ ಇದನ್ನೂ ಹೇಳಿಸಲಿ.

– ಓದುಗ, ಡೊಂಬಿವಲಿ